ಕಂಟ್ರೋಲ್ ಝಡ್ ಕೈಕೊಟ್ಟ ಲಗ್ನಪತ್ರಿಕೆ

ಅಂದು ಬೆಳಿಗ್ಗೆ ಹಳಿಯಾಳ ಪೇಟೆಯ ನನ್ನ ಅಂಗಡಿಯಲ್ಲಿ ಯಾರ್ಯಾರು ಇದ್ದರು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಅಂದಿನ ರಾಮಾಯಣವೆಲ್ಲ ನಡೆದದ್ದು ಯಾರು ಎಲ್ಲಿರಬೇಕು, ಯಾರು ಯಾರಿಗಿಂತ ಮೇಲಿರಬೇಕು ಎಂಬ ಒಂದೇ ಪ್ರಶ್ನೆಗಾಗಿ. ಕಂಪ್ಯೂಟರಿನ ಮುಂದೆ ನಾನು, ಮಲ್ಲಪ್ಪ. ಲಗ್ನಪತ್ರಿಕೆ, ತೊಟ್ಟಿಲು ಕಾರ್ಯಕ್ರಮದ ಪತ್ರಿಕೆ, ಶ್ರದ್ಧಾಂಜಲಿ ಪತ್ರಿಕೆ ಹೀಗೆ ಮನುಷ್ಯ ಹುಟ್ಟಿದಂದಿನಿಂದ ಹೋಗುವತನಕ ಬೇಕಾಗುವ ಅಕ್ಷರಗಳನ್ನೆಲ್ಲ ಜೋಡಿಸಿಕೊಡುವುದು ನನ್ನ ಕಸುಬು. ಬಲಗಡೆಯ ಬೆಂಚಿನ ಮೇಲೆ ಮದುಮಗಳ ತಂದೆ ಈರಣ್ಣ. ಹತ್ತಿರದ ಹಳ್ಳಿಯ ಒಕ್ಕಲುತನದವ, ಸಾಧು ಮನುಷ್ಯ; ಎಷ್ಟು ಸಾಧು ಎಂದರೆ ಯಾರು ಏನು ಹೇಳಿದರೂ ಅವನಿಗೆ ಸರಿ ಎನಿಸುತ್ತದೆ, ಮುಂದಿನವರು ಅದರ ವಿರುದ್ಧ ಹೇಳುವತನಕ. ಎಡಗಡೆ ಅವನ ಹೆಂಡತಿ ಶಾಂತವ್ವ. ನನ್ನ ಬೆನ್ನ ಹಿಂದೆ ಕುರ್ಚಿಗೆ ಕೈಯೂರಿ, ತಂಬಾಕಿನ ಉಸಿರು ನನ್ನ ಕಿವಿಗೆ ತಾಗುವಂತೆ ನಿಂತವರು ಈರಣ್ಣನ ಅಣ್ಣ ಗುರುಸಿದ್ದಪ್ಪ. ಇವರು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಆದ್ದರಿಂದ ಕಾಗದದ ಮೇಲೆ ಏನು ಬಂದರೂ ಅದರಲ್ಲಿ ತಮ್ಮದೊಂದು ಮಾತು ಇರಲೇಬೇಕು ಎಂದು ನಂಬಿದವರು. ಬಾಗಿಲ ಹತ್ತಿರ ಸ್ಟೂಲಿನ ಮೇಲೆ, ಖಾಕಿ ಬಟ್ಟೆಯಲ್ಲಿ, ಮದುಮಗಳು ಸುಮಂಗಲಾ. ಅವಳು ಸರಕಾರಿ ಬಸ್ಸಿನ ಕಂಡಕ್ಟರು. ಮಧ್ಯಾಹ್ನ ಉಳವಿಯ ಬಸ್ಸಿಗೆ ಹೋಗಬೇಕಾಗಿತ್ತು.

ಇಲ್ಲದವರು ಒಬ್ಬರೇ. ಶಾಂತವ್ವನ ತಮ್ಮ, ಅಂದರೆ ಸುಮಂಗಲಾಳ ಸೋದರಮಾವ, ಮುಂಡಗೋಡದ ಬಸಲಿಂಗಪ್ಪ. ಆದರೆ ಇದ್ದವರೆಲ್ಲ ಮಾತಾಡುತ್ತಿದ್ದುದು ಅವರ ಬಗ್ಗೆಯೇ. ನಮ್ಮ ಕಡೆ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವಾಗ ಮದುಮಗಳ ಬೆನ್ನಿಗೆ ಸೋದರಮಾವ ನಿಲ್ಲಬೇಕು. ಅದು ಪದ್ಧತಿ. ಸುಮಂಗಲಾಳಿಗೆ ಅದು ಬರೀ ಪದ್ಧತಿಯಲ್ಲ. ಅವಳು ಕಾಲೇಜು ಕಲಿತದ್ದೇ ಮಾವನ ಮನೆಯಲ್ಲಿದ್ದು. ಕಂಡಕ್ಟರಿಕೆಗೆ ಆಯ್ಕೆಯಾದಾಗ ಊರಿನವರು “ಹೆಣ್ಣ ಹುಡುಗಿ ಬಸ್ಸಿನ್ಯಾಗ ನಿಂತು ಚೀಟಿ ಹರಿಯೂದೇನು” ಎಂದರೆ, ಬಸಲಿಂಗಪ್ಪ ಹಿತ್ತಲಲ್ಲಿ ಕಟ್ಟಿಗೆಯ ರಾಶಿಯ ಮೇಲೆ ತಾವೇ ಪ್ರಯಾಣಿಕನಾಗಿ ಕುಳಿತು ಅವಳಿಗೆ ತಾಲೀಮು ಮಾಡಿಸಿದ್ದರಂತೆ. ಒಮ್ಮೆ ಚಿಲ್ಲರೆ ಇಲ್ಲದ ಪ್ರಯಾಣಿಕ, ಒಮ್ಮೆ ಕುಡಿದು ಹತ್ತಿದ ಪ್ರಯಾಣಿಕ, ಒಮ್ಮೆ ಮಗನಿಗೆ ಮೀಸೆ ಬಂದಿದ್ದರೂ ಅರ್ಧ ಟಿಕೀಟು ಕೇಳುವ ತಾಯಿ. ಎಲ್ಲ ವೇಷವೂ ಅವರದೇ. ಅಂಥ ಮಾವ ಈಗ ಮದುವೆಗೆ ಬರುತ್ತಾರೋ ಇಲ್ಲವೋ ಎಂಬುದೇ ಅನುಮಾನ.

ಜಗಳದ ಮೂಲ ಕೇಳಿದರೆ ನೀವು ನಗಬಾರದು. ಈರಣ್ಣನ ಹೊಸ ಮನೆಯ ಶಾಂತಿಯ ದಿನ ಬಸಲಿಂಗಪ್ಪ ಬಸ್ಸು ಬದಲಿಸಿ ಬದಲಿಸಿ ಹಸಿದು ಬಂದಾಗ ಊಟದ ಮೊದಲ ಪಂಕ್ತಿ ಕುಳಿತಾಗಿತ್ತು. ಉಸ್ತುವಾರಿ ನೋಡುತ್ತಿದ್ದ ಗುರುಸಿದ್ದಪ್ಪ “ಮುಂದಿನ ಪಂಕ್ತಿಗೆ ಕುಂದರ್ರೆಲ್ಲ” ಎಂದರಂತೆ. ಮುಂದಿನ ಪಂಕ್ತಿಗೆ ಹೋಳಿಗೆ ಇತ್ತು, ತುಪ್ಪ ಮುಗಿದಿತ್ತು. ಹೆಣ್ಣು ಕೊಟ್ಟ ಮನೆಯವನಿಗೆ ಒಣ ಹೋಳಿಗೆ! ಬಸಲಿಂಗಪ್ಪ ಎಲೆ ಬಿಟ್ಟು ಎದ್ದವರು ಮತ್ತೆ ಆ ಕಡೆ ಮುಖ ಹಾಕಿರಲಿಲ್ಲ. ರಾಜ್ಯಗಳು ಉರುಳಿದ್ದು ಇದಕ್ಕಿಂತ ಸಣ್ಣ ಕಾರಣಕ್ಕೆ ಎಂದು ನಮ್ಮಜ್ಜ ಹೇಳುತ್ತಿದ್ದ. ಯಾವ ರಾಜ್ಯ ಎಂದು ನಾನು ಕೇಳಿರಲಿಲ್ಲ. ಅಜ್ಜನೂ ಒಮ್ಮೆ ತುಪ್ಪದ ವಿಷಯಕ್ಕೆ ಎಲೆ ಬಿಟ್ಟು ಎದ್ದವನೇ ಆಗಿದ್ದ.

ಇನ್ನು ನಮ್ಮ ಕಡೆಯ ಲಗ್ನಪತ್ರಿಕೆಯ ವಿಚಾರ. ಅದನ್ನು ಮದುವೆಗೆ ಕರೆಯಲು ಹಾಕಿಸುತ್ತಾರೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಕರೆಯಲು ಫೋನಿದೆ. ಪತ್ರಿಕೆ ಇರುವುದು ಹೆಸರು ಹಾಕಲು. ಮೇಲೆ ದೇವರ ಹೆಸರು, ಅದರ ಕೆಳಗೆ ಮಠದ ಅಜ್ಜನವರ ಹೆಸರು, ಆಮೇಲೆ ಲಿಂಗೈಕ್ಯರಾದ ಹಿರಿಯರು, ಆಮೇಲೆ ಇನ್ನೂ ಆಗದೇ ಇರುವವರು. ಒಬ್ಬೊಬ್ಬರ ಹೆಸರಿನ ಮುಂದೂ ಒಂದೊಂದು ಬಿರುದು ಬೇಕು. ಏನೂ ಸಿಗದಿದ್ದರೆ ‘ಪ್ರಗತಿಪರ ರೈತರು’ ಎಂದು ಹಾಕುತ್ತೇವೆ; ಆ ರೈತ ತನ್ನ ಹೊಲ ನೋಡಿ ಎಷ್ಟು ವರ್ಷವಾಯಿತು ಎಂದು ನಾವು ಕೇಳುವುದಿಲ್ಲ. ಕೊನೆಗೆ ‘ನಮ್ಮ ಅತ್ತೆಯ ಮದುವೆಗೆ ತಪ್ಪದೇ ಬರ್ರೀ’ ಎಂದು ಕರೆಯುವ ಚಿಕ್ಕ ಮಕ್ಕಳ ಸಾಲು. ಒಮ್ಮೆ ಒಬ್ಬರು ಇನ್ನೂ ಹುಟ್ಟಿರದ ಕೂಸಿಗೂ ಒಂದು ಜಾಗ ಬಿಡಿಸಿ ಹೋಗಿದ್ದರು, ರೈಲಿನಲ್ಲಿ ಟವೆಲ್ಲು ಹಾಕಿದಂತೆ. ಇಷ್ಟೆಲ್ಲ ಹೆಸರುಗಳ ನಡುವೆ ಮದುಮಕ್ಕಳನ್ನು ಹುಡುಕಲು ಚಾಳೀಸು ಬೇಕು. ಇದರಲ್ಲಿ ಯಾವ ಜಾಗ ಕೊಟ್ಟರೂ ತಕರಾರು ಮಾಡದವರೆಂದರೆ ಲಿಂಗೈಕ್ಯರಾದವರು ಮಾತ್ರ. ಅವರ ಪರವಾಗಿ ಅವರ ಮಕ್ಕಳು ಮಾಡುತ್ತಾರೆ.

ಇಂಥ ಕಸುಬಿನಲ್ಲಿ ನಾನು ಇಷ್ಟು ವರ್ಷ ತಲೆ ಒಡೆಸಿಕೊಳ್ಳದೆ ಬದುಕಿದ್ದು ಒಂದೇ ಒಂದು ಆಯುಧದ ಬಲದಿಂದ. ಅದು ಕಂಟ್ರೋಲ್ ಝಡ್. ಕೀಬೋರ್ಡಿನಲ್ಲಿ ಕಂಟ್ರೋಲ್ ಎಂಬ ಕೀಲಿ ಒತ್ತಿ ಹಿಡಿದು ಝಡ್ ಒತ್ತಿದರೆ, ಈಗಷ್ಟೇ ಮಾಡಿದ್ದು ಮಾಡದಂತೆ ಆಗಿಬಿಡುತ್ತದೆ. ಅಳಿಸಿದ್ದು ಬರುತ್ತದೆ, ಬರೆದದ್ದು ಹೋಗುತ್ತದೆ. ನಮ್ಮ ಗಿರಾಕಿಗಳು ಇದಕ್ಕೆ ‘ಹಿಂದಕ್ಕ ಹೊಡಿಯೂದು’ ಎನ್ನುತ್ತಾರೆ, ಲಾರಿ ಹಿಂದಕ್ಕೆ ತೆಗೆದಂತೆ. ಸಿಟ್ಟಿನ ಹಿರಿಯರೊಬ್ಬರು “ತಗೀರಿ ಅವನ ಹೆಸರಾ” ಎಂದು ಗುಡುಗಿದರೆ ನಾನು ಚಕ್ಕನೆ ತೆಗೆಯುತ್ತೇನೆ. ಅವರಿಗೆ ಸಮಾಧಾನವಾಗಿ ಚಹಾ ಕುಡಿಯಲು ಹೋಗುತ್ತಾರೆ. ನಾನು ಕಂಟ್ರೋಲ್ ಝಡ್ ಒತ್ತುತ್ತೇನೆ. ಹೆಸರು ಬಂದು ತನ್ನ ಜಾಗದಲ್ಲಿ ಕುಳಿತಿರುತ್ತದೆ. ಚಹಾ ಕುಡಿದು ಬಂದವರ ಸಿಟ್ಟೂ ಇಳಿದಿರುತ್ತದೆ. ಎಷ್ಟು ಸಂಸಾರಗಳು ಹೀಗೆ ಉಳಿದವೋ ನನಗೂ ಆ ಎರಡು ಕೀಲಿಗಳಿಗೂ ಗೊತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಮ್ಮ ಬೆಳಗಾದರೆ ಹೇಳುತ್ತಿದ್ದಳು. ಪಾಪ, ಅವಳು ಕಂಪ್ಯೂಟರು ನೋಡದೆಯೇ ಹೋದಳು.

ಆ ಆಯುಧವೇ ದಸರೆಯಿಂದ ಕೆಟ್ಟು ಕೂತಿತ್ತು. ಆಯುಧ ಕೆಟ್ಟದ್ದೂ ಆಯುಧ ಪೂಜೆಯಿಂದಲೇ. ನಮ್ಮಲ್ಲಿ ಖಂಡೇಪೂಜೆಯ ದಿನ ನೇಗಿಲಿನಿಂದ ಹಿಡಿದು ಮಿಕ್ಸರಿನವರೆಗೆ ಎಲ್ಲಕ್ಕೂ ಪೂಜೆ ಆಗಬೇಕು. ನನ್ನ ಹೆಂಡತಿ ಗಿರಿಜೆ ಭಕ್ತಿಯಲ್ಲಿ ಕಡಿಮೆ ಮಾಡುವವಳಲ್ಲ. ಕೀಬೋರ್ಡಿಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಹೂವೇರಿಸಿ, ಒಡೆದ ತೆಂಗಿನಕಾಯಿಯ ನೀರನ್ನು ಧಾರಾಳವಾಗಿ ಚಿಮುಕಿಸಿದಳು. ಎಡಗಡೆಯ ಕಂಟ್ರೋಲ್ ಕೀಲಿ ಆ ತೀರ್ಥ ಕುಡಿದು ಒಳಗೇ ಕೂತಿತು. ಬಲಗಡೆ ಇನ್ನೊಂದು ಇರುತ್ತದಲ್ಲ ಎಂದು ತಿಳಿದವರು ಕೇಳಬಹುದು. ಅದು ಹಿಂದಿನ ವರ್ಷದ ಪೂಜೆಗೇ ಲಿಂಗೈಕ್ಯವಾಗಿತ್ತು.

“ಹೊಸಾದು ತರಬಾರದೇನ್ರಿ?” ಎಂದು ಗಿರಿಜೆ ಕೇಳಿದ್ದಳು. ತರಬಹುದಿತ್ತು. ಆದರೆ ಒಮ್ಮೊಮ್ಮೆ ಬಲವಾಗಿ ಒತ್ತಿದರೆ ಆ ಕೀಲಿ ಕೆಲಸ ಮಾಡುತ್ತಿತ್ತು. ಒಮ್ಮೊಮ್ಮೆ ಕೆಲಸ ಮಾಡುವುದನ್ನು ಎಸೆಯುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲ. ಹಾಗೆ ಎಸೆಯುವುದಾಗಿದ್ದರೆ ನಾನೇ ಇಲ್ಲಿ ಇರುತ್ತಿರಲಿಲ್ಲ. ಕೆಲಸ ಮಾಡದಾಗ ಮಾತ್ರ ವಿಚಿತ್ರ. ಕಂಟ್ರೋಲ್ ಸತ್ತಿರುವುದರಿಂದ ಝಡ್ ಒಂದೇ ಕೇಳಿಸುತ್ತದೆ. ನನ್ನ ಕನ್ನಡದ ಕೀಬೋರ್ಡಿನಲ್ಲಿ ಝಡ್ ಒತ್ತಿದರೆ ಬರುವ ಅಕ್ಷರ ಞ. ಒಂದನೆಯ ಇಯತ್ತೆಯಲ್ಲಿ ಗಂಟಲು ಹರಿಯುವಂತೆ ಕೂಗಿ ಕಲಿತು, ಆಮೇಲೆ ಜೀವಮಾನದಲ್ಲಿ ಒಮ್ಮೆಯೂ ಮುಖಾಮುಖಿಯಾಗದ ಆ ಞ! ನಾನು ಹೋದದ್ದನ್ನು ಕರೆದರೆ ಇದು ಬಂದು “ಏನ್ರಿ ಕರದ್ರೇನು?” ಎಂಬಂತೆ ನಿಲ್ಲುತ್ತಿತ್ತು. ಬರೆದದ್ದನ್ನು ಉಳಿಸಲು ಕಂಟ್ರೋಲ್ ಎಸ್ ಒತ್ತಿದರೆ ಸ ಬರುತ್ತಿತ್ತು. ಆ ಸ ಅಳಿಸುವ ಸಿಟ್ಟಿನಲ್ಲಿ ಉಳಿಸುವುದು ಮರೆತುಹೋಗುತ್ತಿತ್ತು. ಇಲಿಯಿಂದ, ಅಂದರೆ ಮೌಸಿನಿಂದ, ಮೇಲಿನ ಪಟ್ಟಿ ಒತ್ತಿದರೆ ಆಗುತ್ತದೆ, ನಿಜ. ಆದರೆ ಕೈಗೆ ಬಿದ್ದ ಅಭ್ಯಾಸ ಕಾಲಿಗೆ ಬಿದ್ದ ಚಪ್ಪಲಿಯಂತೆ, ಕಣ್ಣು ಮುಚ್ಚಿದರೂ ಅಲ್ಲಿಗೇ ಹೋಗುತ್ತದೆ.

ಅಂದು ಬೆಳಿಗ್ಗೆಯಿಂದ ಕುಳಿತು, ಬೈದಾಡಿ, ಮುನಿದು, ಮತ್ತೆ ಕೂಡಿ, ಎರಡೂ ಕಡೆಯ ಹೆಸರುಗಳ ಯಾದಿಯನ್ನು ಒಂದು ಹದಕ್ಕೆ ತಂದಿದ್ದೆವು. ಯಾವುದೇ ಪತ್ರಿಕೆಯ ಹೆಸರುಗಳನ್ನು ನಾನು ಮೊದಲು ಒಂದು ಸಾದಾ ಬರಹದ ತಂತ್ರಾಂಶದಲ್ಲಿ ಹೊಡೆದುಕೊಂಡು, ಒಪ್ಪಿಗೆಯಾದ ಮೇಲೆ ಹೂವು ಬಳ್ಳಿ ಇರುವ ಪತ್ರಿಕೆಗೆ ಸಾಗಿಸುತ್ತೇನೆ. ಆ ಸಾದಾ ತಂತ್ರಾಂಶ ಬಹಳ ಹಳೆಯದು, ನನ್ನಂತೆಯೇ. ಕೊನೆಗೆ ಮಾಡಿದ ಒಂದೇ ಒಂದು ಕೆಲಸ ಅದಕ್ಕೆ ನೆನಪಿರುತ್ತದೆ, ಅದರ ಹಿಂದಿನದು ಇಲ್ಲ. ಈ ಗುಣವನ್ನು ನೆನಪಿನಲ್ಲಿಡಿ. ನಾನು ಅಂದು ಇಟ್ಟಿರಲಿಲ್ಲ. ಎಲ್ಲ ಮುಗಿಯಿತು ಎನ್ನುವಾಗ ಗುರುಸಿದ್ದಪ್ಪನವರ ಬೆರಳು ನನ್ನ ಭುಜದ ಮೇಲಿಂದ ಬಂದು ಪರದೆಗೆ ತಾಗಿತು.

“ಇದು ಯಾರ ಹೆಸರು?”

“ಬಸಲಿಂಗಪ್ಪನವರದು, ಸೋದರಮಾವ” ಎಂದೆ.

“ನನ್ನ ಹೆಸರಿನ ಮ್ಯಾಲೆ?”

“ಸೋದರಮಾವ ಮ್ಯಾಲೇ ಇರಬೇಕಲ್ರಿ” ಎಂದಳು ಶಾಂತವ್ವ. ಭಾವನ ಎದುರು ನೇರ ಮಾತಾಡುವ ರೂಢಿ ಇಲ್ಲದ್ದರಿಂದ ಸೆರಗು ಎಳೆದುಕೊಂಡು ನನಗೆ ಹೇಳಿದಳು. “ಮಲ್ಲಣ್ಣಾ, ಅವರಿಗೆ ಹೇಳ್ರಿ. ಬೆನ್ನಿಗೆ ನಿಂದರಾಂವ ನನ್ನ ತಮ್ಮ.”

“ಮಲ್ಲಪ್ಪಾ, ಆಕಿಗೆ ನೀನೂ ಹೇಳು. ಬರೂದಿಲ್ಲ ಅಂದಾಂವನ ಹೆಸರು ಹಾಕೂದು ಯಾವ ಪದ್ಧತಿ?”

“ಹೆಸರು ಇಲ್ಲಂದ್ರ ಅಂವ ಹೆಂಗ ಬರ್ತಾನ, ಕೇಳ್ರಿ ಮಲ್ಲಣ್ಣಾ.”

“ಬರ್ತೇನಿ ಅಂದ್ರ ಹೆಸರು ಹಾಕೂಣು.”

“ಹೆಸರು ಹಾಕಿದ್ರ ಬರ್ತಾನ.”

ಇಬ್ಬರ ಮಾತುಗಳೂ ನನ್ನ ಎರಡು ಕಿವಿಗಳಲ್ಲಿ ಹೊಕ್ಕು ನಡುವೆ ಎಲ್ಲೋ ಡಿಕ್ಕಿ ಹೊಡೆಯುತ್ತಿದ್ದವು. ನಾನು ಈರಣ್ಣನನ್ನು ನೋಡಿದೆ. ಈರಣ್ಣ ಗೋಡೆಯ ಕ್ಯಾಲೆಂಡರನ್ನು ನೋಡಿದ. “ಹೌದಲ್ಲ, ಅಣ್ಣ ಅನ್ನೂದೂ ಖರೆ ಐತಿ” ಎಂದ. ಶಾಂತವ್ವ ಅವನ ಕಡೆ ಒಮ್ಮೆ ತಿರುಗಿ ನೋಡಿದಳು. “ಇಕಿ ಅನ್ನೂದೂ ಸುಳ್ಳಲ್ಲ” ಎಂದು ಸೇರಿಸಿದ.

“ತಗೀ ಮಲ್ಲಪ್ಪಾ!” ಎಂದು ಗುರುಸಿದ್ದಪ್ಪ ಗುಡುಗಿದರು. ಗುಡುಗಿಗೆ ಕೈ ತಾನೇ ಓಡುವುದು ನನ್ನ ಕಸುಬಿನ ಗುಣ. ಇಲಿ ಹಿಡಿದು ಬಸಲಿಂಗಪ್ಪನವರ ಹೆಸರಿನ ಮೇಲೆ ಎಳೆಯತೊಡಗಿದೆ. ಅದು ನೀಲಿಯಾಯಿತು. ಅಷ್ಟರಲ್ಲಿ ಅವರಿಗೆ ನಾನು ತಪ್ಪು ಸಾಲು ಹಿಡಿದೆ ಎನಿಸಿತೋ ಏನೋ, “ಅದಲ್ಲೋ, ಅದರ ಮ್ಯಾಲಿಂದು!” ಎಂದು ನನ್ನ ಮೊಣಕೈ ಹಿಡಿದು ಜಗ್ಗಿದರು. ಇಲಿ ಯಾದಿಯ ತುದಿಗೆ ಹಾರಿ, ಅಲ್ಲಿ ಬೆರಳು ಮತ್ತೆ ಒತ್ತಿ, ಕೈ ಜಾರಿ ಕೆಳಗಿನ ಅಂಚಿನ ತನಕ ಎಳೆದುಕೊಂಡು ಬಂತು. ಮಠದ ಅಜ್ಜನವರಿಂದ ಹಿಡಿದು ಚಿಕ್ಕ ಮಕ್ಕಳ ತನಕ ಇಡೀ ಬಳಗ ಒಮ್ಮೆಗೇ ನೀಲಿಯಾಯಿತು. ಅದು ನನ್ನ ಕಣ್ಣಿಗೆ ಬೀಳುವ ಮೊದಲೇ ನನ್ನ ಇನ್ನೊಂದು ಕೈ ಅಳಿಸುವ ಕೀಲಿಯನ್ನು ಒತ್ತಿಯಾಗಿತ್ತು.

ಪರದೆ ಬೆಳ್ಳಗಾಯಿತು. ಸುಣ್ಣ ಬಳಿದ ಗೋಡೆಯಂತೆ. ಎಲ್ಲರೂ ಪರದೆಯ ಕಡೆ ಬಾಗಿದರು. ನನಗೆ ಮಾತ್ರ ಭಯವಾಗಲಿಲ್ಲ. ಆಯುಧ ಇದೆಯಲ್ಲ ಎಂದು ಕೈ ತಾನಾಗಿ ಎಡಗಡೆಯ ಮೂಲೆಗೆ ಹೋಯಿತು. ಕಂಟ್ರೋಲ್ ಝಡ್.

ಆ ಬೆಳ್ಳಗಿನ ಬಯಲಿನಲ್ಲಿ ಒಂದು ಞ ಬಂದು ನಿಂತಿತು.

“ಇದು ಯಾರೋ?” ಎಂದರು ಗುರುಸಿದ್ದಪ್ಪ.

ಆಗ ನನಗೆ ಕೆಟ್ಟ ಕೀಲಿ ನೆನಪಾಯಿತು. ಇಲಿಯಿಂದ ಮೇಲಿನ ಪಟ್ಟಿಗೆ ಹೋಗಿ ‘ಹಿಂದಕ್ಕೆ’ ಎಂಬುದನ್ನು ಒತ್ತಿದೆ. ಞ ಹೋಯಿತು. ಮತ್ತೆ ಒತ್ತಿದೆ. ಞ ಬಂತು. ಅದಕ್ಕೆ ನೆನಪಿದ್ದ ಕೊನೆಯ ಕೆಲಸವೆಂದರೆ ಅದೊಂದೇ. ಒಂದಿಡೀ ಬೀಗಸ್ತನವನ್ನು ನುಂಗಿ ನೀರು ಕುಡಿದು, ನಾನು ಕೇಳಿದಾಗಲೆಲ್ಲ ಈ ಒಂದು ಅಕ್ಷರವನ್ನು ಮುಂದೆ ಹಿಡಿಯುತ್ತಿತ್ತು. ನಾನು ಒತ್ತುತ್ತ ಹೋದೆ, ಞ ಬರುತ್ತ ಹೋಗುತ್ತ ಉಳಿಯಿತು. ಹೀಗೆ ಸ್ವಲ್ಪ ಹೊತ್ತು ನೋಡಿದ ಈರಣ್ಣ ಬಹಳ ಗೌರವದಿಂದ ಕೇಳಿದ, “ಮಲ್ಲಣ್ಣಾ, ಬ್ಯಾರೇದವರೂ ಹಿಂಗ ಒಬ್ಬೊಬ್ಬರಾಗಿ ಬರ್ತಾರೇನು?”

ಬರುವುದಿಲ್ಲ ಎಂದು ಹೇಳಬೇಕಾಯಿತು. ಉಳಿಸಿಟ್ಟಿಲ್ಲವೇ ಎಂದು ಯಾರೂ ಕೇಳಲಿಲ್ಲ, ಪುಣ್ಯಕ್ಕೆ. ಕಂಪ್ಯೂಟರು ಕೆಟ್ಟರೆ ಅದು ಕಂಪ್ಯೂಟರಿನ ತಪ್ಪು ಎಂದು ನಮ್ಮ ಕಡೆಯ ಜನ ನಂಬುತ್ತಾರೆ. ಅದಕ್ಕೇ ನಾನು ಈ ಊರು ಬಿಟ್ಟು ಹೋಗಿಲ್ಲ. “ಆತು ಬಿಡು, ಮತ್ತ ಹೇಳ್ತೇವಿ, ಹೊಡಿ” ಎಂದರು ಗುರುಸಿದ್ದಪ್ಪ. ಎಲ್ಲಿಂದ ಶುರು ಮಾಡುವುದು? ಗುರುಸಿದ್ದಪ್ಪನವರಿಗೆ ನೆನಪಿದ್ದದ್ದು ತಮ್ಮ ಹೆಸರಿನಿಂದ ಕೆಳಗಿನವರು ಮಾತ್ರ. ಶಾಂತವ್ವನಿಗೆ ತವರಿನವರೆಲ್ಲ ನಾಲಿಗೆಯ ತುದಿಯಲ್ಲಿದ್ದರು, ಗಂಡನ ಮನೆಯವರು ಒಬ್ಬರೂ ನೆನಪಾಗಲೊಲ್ಲರು. ಈರಣ್ಣ ಬಾಯಿ ತೆರೆದು ತನ್ನ ಸ್ವಂತ ತಂಗಿಯ ಗಂಡನ ಹೆಸರಿಗಾಗಿ ತಡಕಾಡಿದ. “ಅಂವಾ... ದಪ್ಪಗದಾನ... ತತ್ವಣಗಿ ಕಡೆಯಾಂವ...” ಎಂದ. ‘ದಪ್ಪಗಿರುವ ಪ್ರಗತಿಪರ ರೈತರು’ ಎಂದು ಹಾಕಲೇ ಎಂದು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಬೆಳಿಗ್ಗೆಯ ಜಗಳವೆಲ್ಲ ಮೊದಲಿನಿಂದ ಮತ್ತೆ ನಡೆಯಿತು, ಈಗ ಇನ್ನೂ ಪಳಗಿದ ದನಿಯಲ್ಲಿ.

“ಬಸಲಿಂಗಪ್ಪನ ಹೆಸರು ಇರಲೇ ಇಲ್ಲ” ಎಂದರು ಗುರುಸಿದ್ದಪ್ಪ.

“ಮಲ್ಲಣ್ಣಾ, ದೇವರಾಣಿ ಮಾಡಿ ಹೇಳ್ರಿ, ಇತ್ತೋ ಇಲ್ಲೋ?”

“ಇತ್ತೂ... ಅಳಿಸೀತೂ...” ಎಂದೆ ನಾನು. ಈರಣ್ಣನ ಜೊತೆ ಅರ್ಧ ದಿನ ಕಳೆದರೆ ಆ ರೋಗ ಯಾರಿಗಾದರೂ ಅಂಟುತ್ತದೆ.

ಆಗ ಬಾಗಿಲ ಹತ್ತಿರದ ಸ್ಟೂಲಿನ ಸಪ್ಪಳವಾಯಿತು. ಇಲ್ಲಿಯ ತನಕ ಒಂದು ಮಾತೂ ಆಡದಿದ್ದ ಸುಮಂಗಲಾ ಎದ್ದು, ಹೆಗಲಿನ ಚೀಲ ಸರಿ ಮಾಡಿಕೊಂಡು, ನಮ್ಮ ಮಧ್ಯೆ ಬಂದು ನಿಂತಳು. ಜಾತ್ರೆಯ ದಿನದ ಉಳವಿ ಬಸ್ಸಿನಲ್ಲಿ, ಫುಟ್‌ಬೋರ್ಡಿನ ಮೇಲೆ ಜೋತುಬಿದ್ದವರ ಎದುರು ಅವಳು ಹೇಗೆ ನಿಲ್ಲುತ್ತಾಳೋ ಹಾಗೆ.

“ಎಲ್ಲಾರೂ ಇಳೀರಿ” ಎಂದಳು.

“ಏನವಾ?” ಎಂದ ಈರಣ್ಣ.

“ಗಾಡಿ ತುಂಬೇತಿ. ಎಲ್ಲಾರೂ ಕೆಳಗ ಇಳೀರಿ. ಕಾರ್ಡಿನ್ಯಾಗ ನನ್ನ ಹೆಸರು, ಅವರ ಹೆಸರು, ಅಪ್ಪಾ ಅವ್ವಾ, ಕಲ್ಯಾಣ ಮಂಟಪ, ದಿವಸ, ವೇಳ್ಯಾ. ಮುಗೀತು. ಬ್ಯಾರೇ ಒಂದು ಹೆಸರೂ ಬ್ಯಾಡ.”

“ದೊಡ್ಡಪ್ಪನ ಹೆಸರು ಇಲ್ಲದ ಕಾರ್ಡೇನs ಹುಚ್ಚಿ?” ಎಂದರು ಗುರುಸಿದ್ದಪ್ಪ.

“ದೊಡ್ಡಪ್ಪಾ, ಸೀಟಿನ ಸಲುವಾಗಿ ಜಗಳಾಡಿದ್ರ ನಾ ಇಬ್ಬರನ್ನೂ ಇಳಸ್ತೇನಿ. ದಿನಾ ಅದನ್ನ ಮಾಡ್ತೇನಿ. ಮಾವನ ಹೆಸರು ಹಾಕಿದ್ರ ನೀವು ಬರೂದಿಲ್ಲ, ನಿಮ್ಮ ಹೆಸರು ಹಾಕಿದ್ರ ಮಾವ ಬರೂದಿಲ್ಲ. ನನಗ ಇಬ್ಬರೂ ಬೇಕು. ನನ್ನ ಬೆನ್ನ ಹಿಂದ ಮಾವ ಇಲ್ಲದ ನಾ ಅಕ್ಕಿಕಾಳು ಹಾಕಿಸ್ಕೊಳ್ಳಾಕಿ ಅಲ್ಲ, ಮೊದಲs ಹೇಳೇನಿ.”

ಕೊನೆಯ ಮಾತು ಹೇಳುವಾಗ ಅವಳ ಕಂಡಕ್ಟರಿಕೆ ಸ್ವಲ್ಪ ಜಾರಿತು. ಶಾಂತವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಗುರುಸಿದ್ದಪ್ಪ ಕುರ್ಚಿಯಿಂದ ಕೈ ತೆಗೆದು ಬೆಳ್ಳಗಿನ ಪರದೆಯ ಕಡೆ ಬಾಗಿದರು. ಅವರ ಮುಖದಲ್ಲಿ ಏನೋ ಒಂದು ಲೆಕ್ಕ ನಡೆಯುತ್ತಿರುವುದು ನನಗೆ ಕಂಡಿತು. ಕೊನೆಗೆ ಕೇಳಿದರು, “ಅಂದ್ರ... ಅವಂದೂ ಇರೂದಿಲ್ಲ?”

“ಇಲ್ಲ.”

“ಖರೇನs?”

“ಇಲ್ಲ ಅಂದ್ನೆಲ್ಲ ದೊಡ್ಡಪ್ಪಾ.”

“ಹಂಗಾರ ಆತು ಬಿಡು” ಎಂದರು ಅವರು. ಬೆಳಗಿನಿಂದ ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ನೋಡಿರಲಿಲ್ಲ. ತನ್ನ ಹೆಸರು ಹೋದ ದುಃಖಕ್ಕಿಂತ ಅವನ ಹೆಸರು ಬರದ ಸುಖ ದೊಡ್ಡದು. ಈ ತತ್ವ ಯಾವ ಮಠದಲ್ಲೂ ಹೇಳುವುದಿಲ್ಲ. ಪತ್ರಿಕೆ ಹೊಡೆಯುವ ಅಂಗಡಿಯಲ್ಲಿ ಕೂತರೆ ತಿಳಿಯುತ್ತದೆ.

ಮುಂಡಗೋಡಕ್ಕೆ ಪತ್ರಿಕೆ ಕೊಡಲು ಸುಮಂಗಲಾ ತಾನೇ ಹೋದಳು. ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ಬಂದು ಹೇಳಿದಳು. ಬಸಲಿಂಗಪ್ಪ ಪತ್ರಿಕೆ ತೆಗೆದುಕೊಂಡು, ಚಾಳೀಸು ಏರಿಸಿ, ಮೊದಲು ತಮ್ಮ ಹೆಸರನ್ನು ಹುಡುಕಿದರಂತೆ. ಸಿಗಲಿಲ್ಲ. ಮುಖ ಬಿಗಿದುಕೊಂಡು ಪತ್ರಿಕೆಯನ್ನು ಬದಿಗೆ ಇಟ್ಟವರು, ಏನೋ ನೆನಪಾಗಿ ಮತ್ತೆ ಎತ್ತಿಕೊಂಡು ಇನ್ನೊಂದು ಹೆಸರನ್ನು ಹುಡುಕತೊಡಗಿದರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಪತ್ರಿಕೆ ತಿರುಗಿಸಿ ಬೆನ್ನನ್ನೂ ನೋಡಿದರು. “ಗುರುಸಿದ್ದಪ್ಪಂದು ಎಲ್ಲೈತಿ?” ಎಂದರು. “ಅವರದೂ ಇಲ್ಲ ಮಾವಾ.” ಬಸಲಿಂಗಪ್ಪ ಚಾಳೀಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಕಾಗದದ ಕಾರ್ಖಾನ್ಯಾಗ ಜೀವಾ ತೇದಾಂವಗ ಕಾಗದದಾಗ ಜಾಗಾ ಸಿಗಲಿಲ್ಲೇನು!” ಎಂದು ಒಳಗೆ ಹೆಂಡತಿಗೆ ಕೇಳುವಂತೆ ಹೇಳಿ, ಸುಮಂಗಲಾಳಿಗೆ ಚಹಾ ಮಾಡಲು ಕೂಗಿದರು. ಆದರೆ ಬರುತ್ತೇನೆ ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಸುಮಂಗಲಾ ಬಸ್ಸು ಹತ್ತುವತನಕ ಕಾದು ನೋಡಿದಳು. ಹೇಳಲಿಲ್ಲ.

ಮದುವೆಯ ದಿನ ಬಂತು. ಕಲ್ಯಾಣ ಮಂಟಪದ ಬಾಗಿಲನ್ನೇ ನೋಡುತ್ತ ಶಾಂತವ್ವ ಬಂದವರಿಗೆ ಕುಂಕುಮ ಕೊಡುವುದನ್ನು ಮರೆಯುತ್ತಿದ್ದಳು. ಬಾಸಿಂಗ ಕಟ್ಟಿಕೊಂಡ ಸುಮಂಗಲಾ ವೇದಿಕೆಯ ಮೇಲೆ ಕುಳಿತು ತಾನೂ ಅತ್ತಲೇ ನೋಡುತ್ತಿದ್ದಳು. ಅಕ್ಕಿಕಾಳು ಹಂಚುವ ಹೊತ್ತಿಗೆ ಬಾಗಿಲಲ್ಲಿ ಗದ್ದಲವಾಯಿತು. ಬಿಳಿ ಧೋತರ, ಹೊಸ ಅಂಗಿ, ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ. ಬಸಲಿಂಗಪ್ಪ ಯಾರ ಮುಖವನ್ನೂ ನೋಡದೆ ನೇರವಾಗಿ ನಡೆದು ಹೋಗಿ, ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟು “ತುಪ್ಪ ಐತಿ, ಊಟಕ್ಕ ಬೇಕಾದೀತು” ಎಂದು, ಮೇಲೆ ಹತ್ತಿ ಸುಮಂಗಲಾಳ ಬೆನ್ನಿಗೆ ನಿಂತುಕೊಂಡರು. ಅಕ್ಕಿಕಾಳು ಬಿತ್ತು. ಸುಮಂಗಲಾ ಹಿಂದೆ ತಿರುಗಿ ನೋಡಬಾರದು ಎಂದು ಹಿರಿಯ ಹೆಂಗಸರು ಹೇಳುತ್ತಿದ್ದರೂ ಎರಡು ಸಲ ತಿರುಗಿ ನೋಡಿದಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಅಕ್ಕಿಕಾಳು ಆದ ಮೇಲೆ ನಮ್ಮಲ್ಲಿ ಸತ್ಕಾರ ಎಂದು ಇರುತ್ತದೆ. ಮಾನ್ಯರನ್ನು ಮೈಕಿನಲ್ಲಿ ಕರೆದು, ತಲೆಗೆ ಪಟಗಾ ಸುತ್ತಿ, ಕಾಯಿ ಕೊಡುವುದು. ಮೈಕು ಹಿಡಿದವನಿಗೆ ಯಾರು ಮಾನ್ಯರು ಎಂದು ಗೊತ್ತಿರುವುದಿಲ್ಲ. ಎಲ್ಲ ಮದುವೆಗಳಲ್ಲೂ ಅವನು ಲಗ್ನಪತ್ರಿಕೆಯನ್ನು ಕೈಯಲ್ಲಿ ಹಿಡಿದು ಮೇಲಿನಿಂದ ಓದುತ್ತ ಹೋಗುತ್ತಾನೆ. ಅಂದೂ ಹಿಡಿದ. ಮದುಮಕ್ಕಳನ್ನು ಬಿಟ್ಟ, ತಂದೆತಾಯಿಯನ್ನು ಬಿಟ್ಟ. ಮುಂದೆ ಯಾರೂ ಇಲ್ಲ. ಪತ್ರಿಕೆಯನ್ನು ಕಣ್ಣಿನ ಹತ್ತಿರ ತಂದು ತಡಕಾಡಿದ. ಕಟ್ಟಕಡೆಯಲ್ಲಿ, ಬಳ್ಳಿಯ ಚಿತ್ರದ ಕೆಳಗೆ, ಇರುವೆಯ ಗಾತ್ರದಲ್ಲಿ, ನಾನು ಹೊಡೆಯುವ ಎಲ್ಲ ಪತ್ರಿಕೆಗಳಲ್ಲೂ ತಾನಾಗಿ ಬರುವ ಒಂದು ಸಾಲು ಅವನಿಗೆ ಸಿಕ್ಕಿತು.

“ಇನ್ನ ಈ ಶುಭ ಸಮಾರಂಭದ ಏಕೈಕ ಮಾನ್ಯರು, ಶ್ರೀಯುತ ಮಲ್ಲಪ್ಪನವರು, ಹಳಿಯಾಳ! ವೇದಿಕೆಗೆ ಬರಬೇಕು.”

ನಾನು ಊಟದ ಮೊದಲ ಪಂಕ್ತಿಗೆ ಜಾಗ ನೋಡುತ್ತಿದ್ದವನು ಅಲ್ಲೇ ಕಂಬದ ಹಿಂದೆ ಸರಿದೆ. ಆದರೆ ಮಂದಿ ಬಿಡುತ್ತಾರೆಯೇ? ಹಿಡಿದು ಮೇಲೆ ಹತ್ತಿಸಿದರು. ಪಟಗಾ ಸುತ್ತುವ ಹಿರಿಯರು ಬೇಕಲ್ಲ. ಹೆಣ್ಣಿನ ದೊಡ್ಡಪ್ಪ, ಹೆಣ್ಣಿನ ಸೋದರಮಾವ ಇಬ್ಬರೂ ಬರಬೇಕು ಎಂದ ಮೈಕಿನವ. ಇಬ್ಬರೂ ಬಂದು ನನ್ನ ಎರಡು ಬದಿಗೆ ನಿಂತರು. ಕೆಂಪು ಬಟ್ಟೆಯ ಒಂದೊಂದು ತುದಿ ಹಿಡಿದುಕೊಂಡು ನನ್ನ ತಲೆಯ ಸುತ್ತ ಸುತ್ತಿದರು. ಮನೆಯ ಶಾಂತಿಯ ದಿನದಿಂದ ನಿಂತುಹೋಗಿದ್ದ ಮಾತು ನನ್ನ ತಲೆಯ ಮೇಲೆಯೇ ಮತ್ತೆ ಶುರುವಾಯಿತು.

“ಯಾರ್ರೀ ಇಂವಾ?” ಎಂದರು ಬಸಲಿಂಗಪ್ಪ, ದನಿ ತಗ್ಗಿಸಿ. “ನಿಮ್ಮ ಕಡೆಯಾಂವೇನು?”

“ನಮ್ಮಾಂವ ಯಾಕಿರ್ತಾನ? ಕಾರ್ಡ್ ಹೊಡದಾಂವ.”

“ಎಲ್ಲಾರ ಹೆಸರೂ ತಗದು ತನ್ನದೊಂದ ಇಟ್ಕೊಂಡಾನಲ್ರಿ ಬೀಗರ!”

“ಅದನ್ನ ನಾನೂ ನೋಡಾಕತ್ತೇನಿ” ಎಂದರು ಗುರುಸಿದ್ದಪ್ಪ. “ಬಿಗಿಯಾಗಿ ಸುತ್ರಿ.”

ಬಿಗಿಯಾಗಿಯೇ ಸುತ್ತಿದರು. ಕೀಬೋರ್ಡು ಕೆಟ್ಟಿತ್ತು, ಕಂಟ್ರೋಲ್ ಸತ್ತಿತ್ತು, ಆ ಸಾಲು ತಾನಾಗಿ ಬರುವಂಥದ್ದು ಎಂದು ಹೇಳಲು ಬಾಯಿ ತೆರೆದೆ. ಪಟಗಾದ ಒಂದು ಸುತ್ತು ಕಿವಿಯ ಮೇಲಿಂದ ಹಾದು ಹೋಯಿತು. ಕೆಳಗಿನ ಮಂದಿ ಚಪ್ಪಾಳೆ ತಟ್ಟಿದರು.

ಪಟಗಾವನ್ನು ಗಿರಿಜೆ ಒಗೆದು, ಅಂಗಡಿಗೆ ತಂದು, ಧೂಳು ಕೂಡದಂತೆ ಕಂಪ್ಯೂಟರಿಗೆ ಹೊದಿಸಿದಳು. ಸತ್ಕಾರವಾದವನಿಗಿಂತ ಸತ್ಕಾರಕ್ಕೆ ಕಾರಣವಾದದ್ದಕ್ಕೇ ಅದು ಸಲ್ಲಬೇಕು ಎಂದು ಅವಳ ವಾದ. ನಾನು ಹುಬ್ಬಳ್ಳಿಗೆ ಹೋಗಿ ಹೊಸ ಕೀಬೋರ್ಡು ತಂದೆ.

ಕೆಲವು ದಿನಗಳ ಮೇಲೆ ಗುರುಸಿದ್ದಪ್ಪ, ಬಸಲಿಂಗಪ್ಪ ಇಬ್ಬರೂ ಕೂಡಿಯೇ ನನ್ನ ಅಂಗಡಿಗೆ ಬಂದರು. ಬೆಂಚಿನ ಮೇಲೆ ಪಕ್ಕಪಕ್ಕ ಕುಳಿತರು. ಆ ಪಟಗಾ ಗಂಡಿನ ದೊಡ್ಡಪ್ಪನಿಗೆ ಸುತ್ತಲು ತಂದದ್ದಾಗಿತ್ತಂತೆ. ಅವರು ಬರೀ ತಲೆಯಲ್ಲಿ ಕಲಘಟಗಿಗೆ ತಿರುಗಿ ಹೋಗಿ, ಸಿಟ್ಟಾಗಿ, ಯಾರ ಫೋನನ್ನೂ ಎತ್ತುತ್ತಿರಲಿಲ್ಲವಂತೆ.

“ಅದನ್ನ ಕೊಟ್ಟ ಬಿಡೋ ಮಲ್ಲಪ್ಪಾ. ನಾವಿಬ್ಬರೂ ಹೋಗಿ ಸುತ್ತಿ ಬರ್ತೇವಿ” ಎಂದರು ಗುರುಸಿದ್ದಪ್ಪ.

ನಾನು ಕಂಪ್ಯೂಟರಿನ ಮೇಲಿಂದ ಪಟಗಾ ತೆಗೆದು ಕೊಟ್ಟೆ. ಅದು ಬಹಳ ಉದ್ದದ ಬಟ್ಟೆ, ಒಬ್ಬರಿಂದ ಮಡಚಲು ಆಗುವುದಿಲ್ಲ. ಒಬ್ಬರು ಒಂದು ತುದಿ ಹಿಡಿದು ಅಂಗಡಿಯೊಳಗೆ ನಿಂತರು, ಇನ್ನೊಬ್ಬರು ಇನ್ನೊಂದು ತುದಿ ಹಿಡಿದು ರಸ್ತೆಯಲ್ಲಿ ನಿಂತರು. ಮಡಿಕೆ ಹಾಕಿದಂತೆಲ್ಲ ಇಬ್ಬರೂ ಒಬ್ಬರ ಹತ್ತಿರ ಒಬ್ಬರು ಬಂದರು. “ಸ್ವಲ್ಪ ಜಗ್ಗಿ ಹಿಡೀರಿ ಬೀಗರ” ಎಂದರು ಬಸಲಿಂಗಪ್ಪ. “ಹಿಡದೇನಿ, ನೀವ ಸಡ್ಲ ಬಿಟ್ಟೀರಿ” ಎಂದರು ಗುರುಸಿದ್ದಪ್ಪ. ಕೊನೆಯ ಮಡಿಕೆಗೆ ಕೈಗೆ ಕೈ ತಾಗಿತು. ಪಟಗಾವನ್ನು ಚೀಲದಲ್ಲಿ ಹಾಕಿಕೊಂಡು, ನನ್ನ ಕಡೆ ನೋಡದೆ, ಇಬ್ಬರೂ ಕಲಘಟಗಿಯ ಬಸ್ಸಿಗೆ ಹೋದರು.